ಡೆಬಿಯನ್ 12 ಹಾಕಿದ್ಮೇಲೆ ಲ್ಯಾನ್ ಕಾಪಿ ನಿಂತು ನಿಂತು ಹೋಗ್ತಿದೆ, ಡ್ರೈವರ್ ಬದಲಾಯಿಸ್ಲಾ?

ಆಲ್ಬಂ_ತುಮಕೂರು:
ಎಲ್ರಿಗೂ ನಮಸ್ಕಾರ. ಬಿ.ಎಚ್. ರೋಡಲ್ಲಿ ನಮ್ದೊಂದು ಸಣ್ಣ ಸ್ಟುಡಿಯೋ, ಮದ್ವೆ ಆಲ್ಬಂ ಕೆಲ್ಸ, ಮೂಲೇಲಿ ಹಳೇ ಐ5 ಕಂಪ್ಯೂಟರ್ ಡಬ್ಬ ಒಂದಿದೆ ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ಬೇರೆ ಮಷೀನ್‌ಗಳಿಗೂ ಫೋಲ್ಡರ್ ಕಾಣೋ ಹಂಗೆ ಸಾಂಬಾ ಶೇರ್ ಮಾಡ್ಕೊಂಡು ಫೋಟೋ ಎಲ್ಲ ಅದ್ರಲ್ಲೇ ಇಡ್ತಿದೀವಿ, ಇಷ್ಟ್ ದಿನ ಒಂದ್ಸಲಾನೂ ಕೈ ಕೊಟ್ಟಿರ್ಲಿಲ್ಲ. ಹೋದ ವಾರ ಸುಮ್ನಿರಲಾರ್ದೆ ಇರುವೆ ಬಿಟ್ಕೊಂಡಂಗೆ 11ರಿಂದ 12ಕ್ಕೆ ಅಪ್‌ಗ್ರೇಡ್ ಮಾಡ್ದೆ. ಆವತ್ತಿಂದ ಕಾಪಿಗೆ ಹಾಕಿದ್ರೆ ಶುರುಲಿ ಸೆಕೆಂಡಿಗೆ 110 ಎಂಬಿ ಓಡುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಸೊನ್ನೆ, ಐದಾರು ಸೆಕೆಂಡ್ ಸತ್ತಂಗಿದ್ದು ಮತ್ತೆ ಎದ್ದು ಓಡುತ್ತೆ, ಮತ್ತೆ ಸಾಯುತ್ತೆ. 64 ಜಿಬಿ ಮುಂಚೆ ಹತ್ತು ನಿಮಿಷದ ಮಾತು, ಈಗ ಕಾಪಿಗೆ ಹಾಕಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದ್ಕೊಂಡ್ ಬಂದ್ರೂ ಮುಗ್ದಿರಲ್ಲ. ಇನ್ನೊಂದು, ಒಳಗಿನ ರೂಮಲ್ಲಿರೋ ವಿಂಡೋಸ್ ಎಡಿಟಿಂಗ್ ಮಷೀನ್ ಮಾತ್ರ ಚೆನ್ನಾಗಿ ಓಡೋವಾಗ್ಲೂ 11 ಎಂಬಿ ದಾಟಲ್ಲ. ಆ ಡಬ್ಬ, ಅಂದ್ರೆ ಸರ್ವರಲ್ಲಿರೋದು ಆನ್‌ಬೋರ್ಡ್ ಲ್ಯಾನ್, ಅದನ್ನ ಓಡ್ಸೋ ಡ್ರೈವರ್ ಆರ್8169. ಅದನ್ನ ತೆಗೆದು ಆರ್8168 ಹಾಕು ಅಂತ ಫ್ರೆಂಡ್ ಒಬ್ಬ ಹೇಳ್ದ, ಹಾಕ್ಲಾ? ಶುಕ್ರವಾರ ಎರಡು ಮದ್ವೆ ಫೋಟೋದ ಮೆಮೊರಿ ಕಾರ್ಡ್ ಬರ್ತವೆ, ಸ್ವಲ್ಪ ಬೇಗ ಹೇಳ್ರಪ್ಪ.

ಟೊಮೆಟೊ_ಮಂಡಿ_ಕೋಲಾರ:
ಕಣ್ಮುಚ್ಕೊಂಡು ಹಾಕಿ ಅಣ್ಣ. ಅದೂ ಆಗ್ಲಿಲ್ಲ ಅಂದ್ರೆ ಒಂದು ಇಂಟೆಲ್ ಲ್ಯಾನ್ ಕಾರ್ಡ್ ಸಿಗ್ಸಿ, ಕಥೆ ಮುಗೀತು. ಕರೆಂಟ್ ಉಳಿಸೋ ಎಎಸ್‌ಪಿಎಂ ನಿಲ್ಸೋಕೆ, ಲಿನಕ್ಸ್ ಬೂಟ್ ಮಾಡ್ಸೋ ಗ್ರಬ್‌ನಲ್ಲಿ ಪಿಸಿಐಇ ಅಂಡರ್‌ಸ್ಕೋರ್ ಎಎಸ್‌ಪಿಎಂ ಈಕ್ವಲ್ಸ್ ಆಫ್ ಅಂತಾನೂ ಹಾಕಿ ನೋಡಿ, ತುಂಬಾ ಜನಕ್ಕೆ ಅದ್ರಲ್ಲೇ ಸರಿಹೋಗಿದೆ.

ಚಿಂತಾಮಣಿ_ಶೆಲ್:
ತಡೀರಿ ತಡೀರಿ. ಆರ್8168 ಲಿನಕ್ಸಿನ ತಿರುಳಾದ ಕರ್ನಲ್ ಜೊತೆ ಬರೋದಲ್ಲ, ಹೊರಗಿಂದು, ಡಿಕೆಎಂಎಸ್ ಅನ್ನೋ ಟೂಲ್ ಅದನ್ನ ಪ್ರತೀ ಕರ್ನಲ್ ಅಪ್‌ಡೇಟ್‌ಗೂ ಹೊಸದಾಗಿ ಕಂಪೈಲ್ ಮಾಡ್ಬೇಕು. ಒಂದಿನ ಕಂಪೈಲ್ ಫೇಲ್ ಆಯ್ತು ಅನ್ಕೊಳ್ಳಿ, ಹಳೇ ಆರ್8169ನ ಅದು ಲೋಡ್ ಆಗದ ಹಂಗೆ ಬ್ಲ್ಯಾಕ್‌ಲಿಸ್ಟ್ ಮಾಡಿರುತ್ತೆ, ಹೊಸದು ಇರಲ್ಲ, ಅಲ್ಲಿಗೆ ನೆಟ್ಟೇ ಇಲ್ಲ. ನಂಗೆ ಹಂಗಾಗಿ ರಾತ್ರಿ ಹನ್ನೊಂದಕ್ಕೆ ಮಾನಿಟರ್ ಹೊತ್ಕೊಂಡು ಅಟ್ಟದ ಮೇಲೆ ಹತ್ತಿದೀನಿ, ನಿಮಗ್ಯಾಕೆ ಆ ಗ್ರಹಚಾರ.

ನೀವ್ ಹೇಳಿದ್ರಲ್ಲಿ ಕಾಯಿಲೆ ಎರಡಿದೆ, ಒಂದೇ ಅಂತ ಅನ್ಕೊಂಡಿದೀರ. 11 ಎಂಬಿ ಅನ್ನೋದು ಡ್ರೈವರ್ ಕೊಡೋ ನಂಬರ್ ಅಲ್ಲ. 100 ಮೆಗಾಬಿಟ್ ಲೈನನ್ನ ಎಂಟರಿಂದ ಭಾಗಿಸಿದ್ರೆ 12.5, ಪ್ಯಾಕೆಟ್ ಹೆಡರ್‌ಗಳ ಪಾಲು ಕಳೆದ್ರೆ ಹನ್ನೊಂದು ಚಿಲ್ರೆ ಉಳಿಯುತ್ತೆ, ಅಂದ್ರೆ ಆ ಮಷೀನ್ 100ಕ್ಕೆ ಇಳಿದು ಕೂತಿದೆ. ಗಿಗಾಬಿಟ್‌ಗೆ ಕೇಬಲ್ ಒಳಗಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಮಿಕ್ಕ ನಾಲ್ಕರಲ್ಲಿ ಒಂದು ಜೋಡಿ ಕಟ್ ಆದ್ರೂ ನೆಟ್ ಬರ್ತಾನೇ ಇರುತ್ತೆ, ಯಾರಿಗೂ ಡೌಟೇ ಬರಲ್ಲ. ವಿಂಡೋಸಲ್ಲಿ ಅಡಾಪ್ಟರ್ ಸ್ಟೇಟಸ್ ತೆಗೆದು ಸ್ಪೀಡ್ ಎಷ್ಟಿದೆ ನೋಡಿ.

ಸರ್ವರ್ ಕಡೆ ಎತ್‌ಟೂಲ್ ಅನ್ನೋ ಕಮಾಂಡ್ ಕೊಟ್ಟು ಸ್ಪೀಡ್ 1000 ಇದ್ಯಾ ನೋಡಿ, ಆಮೇಲೆ ನೆಟ್‌ವರ್ಕ್ ವೇಗ ಅಳೆಯೋ ಐಪರ್ಫ್3 ಹಾಕಿ ಎರಡೂ ದಿಕ್ಕಲ್ಲಿ ಓಡ್ಸಿ. ಅದು ಡಿಸ್ಕ್ ಮುಟ್ಟಲ್ಲ ಸಾಂಬಾನೂ ಮುಟ್ಟಲ್ಲ, 940 ಮೆಗಾಬಿಟ್ ಹತ್ರ ನಿಂತಿದ್ರೆ ಕಾರ್ಡು ಡ್ರೈವರ್ ಎರಡೂ ಸರಿ ಇದೆ ಅಂತ. ಅದೂ ಸೊನ್ನೆಗೆ ಬಿದ್ರೆ ಕರ್ನಲ್ ಲಾಗ್ ತೋರ್ಸೋ ಡಿಮೆಸ್‌ಜಿಲಿ ನೆಟ್‌ಡೆವ್ ವಾಚ್‌ಡಾಗ್ ಅನ್ನೋ ಸಾಲು ಹುಡುಕಿ, ಕಾರ್ಡ್ ಡೇಟಾ ಕಳ್ಸೋದು ನಿಂತಾಗ ಬರೋದು ಅದು.

ಆಲ್ಬಂ_ತುಮಕೂರು:
ಸಾರ್ ನೀವ್ ಹೇಳಿದಂಗೇ ಇದೆ. ಒಳಗಿನ ಮಷೀನ್ 100 ಅಂತಾನೇ ತೋರಿಸ್ತು. ಸರ್ವರ್ 1000 ಇದೆ, ಆದ್ರೆ ಐಪರ್ಫ್ 940, 941, 940 ಅಂತ ಬಂದು ಆಮೇಲೆ ಸಾಲಾಗಿ ಐದು ಸೊನ್ನೆ. ಡಿಮೆಸ್‌ಜಿ ತುಂಬಾ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್ ಅಂತೆ. ಕೋಲಾರದ ಅಣ್ಣ ಹೇಳಿದ ಆಫ್ ಕೂಡ ಹಾಕಿ ರೀಬೂಟ್ ಮಾಡ್ದೆ, ಏನೂ ವ್ಯತ್ಯಾಸ ಇಲ್ಲ. ಹಂಗಾದ್ರೆ ಕಾರ್ಡೇ ಹೋಯ್ತಾ?

ಚಿಂತಾಮಣಿ_ಶೆಲ್:
ಕಾರ್ಡ್ ಹೋಗಿಲ್ಲ, ಆ ಆಫ್ ಅನ್ನೋ ಪದ ಎಲ್ರಿಗೂ ಟೋಪಿ ಹಾಕುತ್ತೆ. ಎಎಸ್‌ಪಿಎಂ ಅಂದ್ರೆ ಕೆಲ್ಸ ಇಲ್ದಾಗ ಪಿಸಿಐ ಎಕ್ಸ್‌ಪ್ರೆಸ್ ಲಿಂಕನ್ನ ನಿದ್ದೆಗೆ ಕಳ್ಸಿ ಕರೆಂಟ್ ಉಳಿಸೋದು, ಈ ಡ್ರೈವರ್‌ಗೂ ಅದಕ್ಕೂ ಹಳೇ ಜಗಳ, ಒಂದು ಕರ್ನಲಲ್ಲಿ ಆನ್ ಮಾಡ್ತಾರೆ ಕಂಪ್ಲೇಂಟ್ ಬಂದ್ರೆ ಇನ್ನೊಂದ್ರಲ್ಲಿ ತೆಗೀತಾರೆ. ಆಫ್ ಅಂತ ಕೊಟ್ರೆ ಕರ್ನಲ್ ಎಎಸ್‌ಪಿಎಂನ ಆಫ್ ಮಾಡಲ್ಲ, ಅದ್ರ ತಂಟೆಗೇ ಹೋಗಲ್ಲ ಅಷ್ಟೆ. ಮದರ್‌ಬೋರ್ಡಿನ ಬಯೋಸ್ ಆನ್ ಮಾಡಿಟ್ಟಿದ್ರೆ ಆನ್ ಆಗೇ ಇರುತ್ತೆ. ಪಿಸಿಐ ಕಾರ್ಡುಗಳ ವಿವರ ತೋರ್ಸೋ ಎಲ್‌ಎಸ್‌ಪಿಸಿಐಗೆ ಡಬಲ್ ವಿ ಕೊಟ್ಟು ರೂಟಲ್ಲಿ ಓಡ್ಸಿ, ಲ್ಯಾನ್ ಕಾರ್ಡ್ ಕೆಳಗೆ ಲಿಂಕ್ ಕಂಟ್ರೋಲ್ ಸಾಲಲ್ಲಿ ಎಲ್1 (ಅದೇ ನಿದ್ದೆ) ಎನೇಬಲ್ಡ್ ಅಂತ ಇದ್ದೇ ಇರುತ್ತೆ ನೋಡಿ.

ಆ ಆಫ್ ತೆಗೆದು ಅದ್ರ ಜಾಗದಲ್ಲಿ ಪಿಸಿಐಇ ಅಂಡರ್‌ಸ್ಕೋರ್ ಎಎಸ್‌ಪಿಎಂ ಡಾಟ್ ಪಾಲಿಸಿ ಈಕ್ವಲ್ಸ್ ಪರ್ಫಾರ್ಮೆನ್ಸ್ ಅಂತ ಹಾಕಿ, ಅಪ್‌ಡೇಟ್ ಗ್ರಬ್ ಕೊಡೋದು ಮರೀಬೇಡಿ. ರೀಬೂಟ್ ಇಲ್ದೇನೂ ಕರ್ನಲ್ ಸೆಟ್ಟಿಂಗ್ ಇರೋ ಸಿಸ್ ಫೋಲ್ಡರ್ ಒಳಗಿನ ಪಾಲಿಸಿ ಫೈಲಿಗೆ ಪರ್ಫಾರ್ಮೆನ್ಸ್ ಅಂತ ಬರೆದು ಟೆಸ್ಟ್ ಮಾಡ್ಬೋದಿತ್ತು, ಆದ್ರೆ ಆಫ್ ಇರೋವರ್ಗೂ ಅದು ಬರೆಯೋಕೇ ಬಿಡಲ್ಲ.

ಕೆಜಿಎಫ್_ನೆಟ್‌ವರ್ಕ್:
ಜೊತೆಗೆ ಪ್ಯಾಕೇಜ್ ಎಲ್ಲಿಂದ ಇಳಿಸ್ಬೇಕು ಅಂತ ಹೇಳೋ ಸೋರ್ಸಸ್ ಲಿಸ್ಟ್ ಒಂದ್ಸಲ ನೋಡ್ಕೊಳ್ಳಿ, 12ರಿಂದ ಹಾರ್ಡ್‌ವೇರ್ ಒಳಗೆ ಓಡೋ ಫರ್ಮ್‌ವೇರ್‌ಗೆ ಅಂತಾನೇ ನಾನ್ ಫ್ರೀ ಫರ್ಮ್‌ವೇರ್ ಅನ್ನೋ ಬೇರೆ ವಿಭಾಗ ಮಾಡಿದಾರೆ, 11ರ ಸಾಲುಗಳನ್ನೇ ಇಟ್ಕೊಂಡಿದ್ರೆ ಹೊಸ ಫರ್ಮ್‌ವೇರ್ ಬರಲ್ಲ. ನಿಮ್ ಪ್ರಾಬ್ಲಂಗೆ ಇದೇ ಕಾರಣ ಅಂತಲ್ಲ, ಅಪ್‌ಗ್ರೇಡಲ್ಲಿ ಸುಮಾರು ಜನ ಬಿಟ್ಬಿಡ್ತಾರೆ.

ಆಲ್ಬಂ_ತುಮಕೂರು:
ಸಾರ್ ಕಾಲ್ ಎಲ್ಲಿದೆ ಹೇಳಿ ನಮಸ್ಕಾರ ಹಾಕ್ತೀನಿ. ಎಲ್1 ಎನೇಬಲ್ಡ್ ಅಂತಾನೇ ಇತ್ತು, ಪರ್ಫಾರ್ಮೆನ್ಸ್ ಹಾಕಿ ರೀಬೂಟ್ ಮಾಡಿದ್ಮೇಲೆ ಡಿಸೇಬಲ್ಡ್. ನಿನ್ನೆ ರಾತ್ರಿ 200 ಜಿಬಿ ಒಂದೇ ಏಟಿಗೆ ಹಾಕಿದೆ, ಒಂದ್ಸಲಾನೂ ನಿಲ್ಲಲಿಲ್ಲ, ಡಿಮೆಸ್‌ಜಿಲಿ ವಾಚ್‌ಡಾಗ್ ಸುದ್ದೀನೇ ಇಲ್ಲ. ಬಯೋಸಲ್ಲಿ ಆ ಆಪ್ಷನ್ ಹುಡುಕ್ದೆ ಸಿಗ್ಲಿಲ್ಲ, ಗ್ರಬ್‌ನಲ್ಲೇ ಬಿಟ್ಟಿದೀನಿ. ಫರ್ಮ್‌ವೇರ್ ಸಾಲೂ ಸೇರಿಸ್ದೆ, ನಿಜವಾಗ್ಲೂ ಇರ್ಲಿಲ್ಲ.

ಒಳಗಿನ ರೂಮಿನ ಕೇಬಲ್ ಸಜ್ಜೆ ಹಿಂದಿಂದ ಎಳೆದು ನೋಡಿದ್ರೆ ಇಲಿ ಕಡ್ದಿದೆ, ಕಿತ್ತಳೆ ಜೋಡಿ ಹಸಿರು ಜೋಡಿ ನೆಟ್ಟಗಿದೆ, ಕಂದು ಜೋಡಿ ಮಾತ್ರ ಪೂರ್ತಿ ತುಂಡು. ಎಷ್ಟ್ ತಿಂಗಳಿಂದ ಹಂಗಿತ್ತೋ, ನಮ್ ಹುಡುಗ ಪಾಪ ಮಷೀನ್ ಹಳೇದು ಅಂತ ಸುಮ್ನೆ ಕೆಲ್ಸ ಮಾಡ್ಕೊಂಡಿದ್ದ.

ಟೊಮೆಟೊ_ಮಂಡಿ_ಕೋಲಾರ:
ಹಂಗಾದ್ರೆ ಇಂಟೆಲ್ ಕಾರ್ಡ್ ಬೇಡ್ವಾ ಅಣ್ಣ? ನಮ್ಮನೇಲಿ ಒಂದು ಸುಮ್ನೆ ಬಿದ್ದಿದೆ, ಮುಂದಿನ್ ವಾರ ಹೆಂಗೂ ತುಮಕೂರ್ ಕಡೆ ಬರೋದಿದೆ.