51ಕ್ಕೇ ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ 6: ತೆಗೆಸುವುದಾ, ಕಾಯುವುದಾ?

ಕಾಪು ಕರಾವಳಿ

ನಮಸ್ಕಾರ. ನನಗೆ 51. ಊರು ಕಾಪು, ಕೆಲಸ ಉಡುಪಿಯಲ್ಲಿ. ಆಫೀಸಿನ ಚೆಕಪ್‌ನಲ್ಲಿ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ, 5.8 ಬಂತು. ಮೂತ್ರದ ತೊಂದರೆ ಏನೂ ಇರಲಿಲ್ಲ. ಇನ್ಫೆಕ್ಷನ್ ಇದ್ದರೂ ಏರುತ್ತದೆ ಅಂದರು, ಆರು ವಾರ ಬಿಟ್ಟು ನೋಡಿದರೆ 5.4. ಆಮೇಲೆ ಎಂಆರ್‌ಐ, ಬಯಾಪ್ಸಿ ಎಲ್ಲ ಆಯಿತು. 12 ಚೂರು ತೆಗೆದದ್ದರಲ್ಲಿ 2ರಲ್ಲಿ ಕ್ಯಾನ್ಸರ್, ಅದು ಎಷ್ಟು ಜೋರಿನದು ಅಂತ ಹೇಳುವ ಗ್ಲೀಸನ್ ಸ್ಕೋರ್ 3+3=6. ಗ್ರಂಥಿ 42 ಎಂಎಲ್. ಹೊರಗೆ ಹರಡಿಲ್ಲ.

ಒಬ್ಬ ಡಾಕ್ಟರು ‘ನಿಮ್ಮದು ಸಣ್ಣ ವಯಸ್ಸು, ತೆಗೆದುಬಿಡುವ, ಮುಂದಿನ ಗುರುವಾರ ಬನ್ನಿ’ ಅಂದರು. ಇನ್ನೊಬ್ಬರು ‘ಈಗ ಎಂತದೂ ಮಾಡುವುದು ಬೇಡ, ನಿಗಾ ಇಡುವ’ ಅಂದರು. ಒಂದೇ ರಿಪೋರ್ಟ್, ಎರಡು ಮಾತು. ಹೆಂಡತಿ ‘ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮೈಯಲ್ಲಿ ಇಟ್ಟುಕೊಂಡು ಕೂರುವುದು ಹೇಗೆ’ ಅಂತ ಅಳುತ್ತಾಳೆ. ನನಗೆ ಹೆದರಿಕೆ ಬೇರೆ: ಮೂತ್ರ ನಿಲ್ಲದಿದ್ದರೆ? ಗಂಡ ಹೆಂಡತಿ ಸಂಬಂಧವೇ ಮುಗಿದರೆ? ಮಗಳು ಸೆಕೆಂಡ್ ಪಿಯುಸಿ, ಅವಳಿಗೂ ಅಮ್ಮನಿಗೂ ಇನ್ನೂ ಹೇಳಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಅದೇ ರಿಪೋರ್ಟ್ ಓದುತ್ತೇನೆ. ಇದನ್ನು ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ.

ಬಿಜೈ ವಾಸಿ

ಮೊದಲು ಆ ಗುರುವಾರದ ಡೇಟ್ ಮುಂದೆ ಹಾಕಿಸಿ ಮಾರಾಯ್ರೆ. ಗ್ಲೀಸನ್ 6 ನಾಳೆ ನಾಡಿದ್ದಿಗೆ ಓಡುವ ಕಾಯಿಲೆ ಅಲ್ಲ. ಎರಡು ಮೂರು ತಿಂಗಳು ಯೋಚನೆ ಮಾಡಿದರೆ ಏನೂ ಕೈ ತಪ್ಪುವುದಿಲ್ಲ.

ನನಗೆ 53ರಲ್ಲಿ ಗೊತ್ತಾದದ್ದು, ಈಗ 57. ನಾಲ್ಕು ವರ್ಷದಿಂದ ನಿಗಾದಲ್ಲೇ ಇದ್ದೇನೆ. ಜನ ಇದನ್ನು ಸುಮ್ನೆ ಕೂರುವುದು ಅಂದುಕೊಳ್ಳುತ್ತಾರೆ, ಹಾಗಲ್ಲ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ವರ್ಷಕ್ಕೊಮ್ಮೆ ಡಾಕ್ಟರ ಪರೀಕ್ಷೆ, ಮೊದಲ ವರ್ಷದೊಳಗೆ ಇನ್ನೊಂದು ಬಯಾಪ್ಸಿ, ಆಮೇಲೆ ಆಗಾಗ ಎಂಆರ್‌ಐ. ಸ್ಕೋರ್ ಏರಿದರೆ ಆವತ್ತೇ ಚಿಕಿತ್ಸೆಗೆ ಹೋಗುವುದು. ನಿಮ್ಮ ಪಿಎಸ್‌ಎಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಿ ನೋಡಿ, 5.4 ಭಾಗ 42, ಸುಮಾರು 0.13. 0.15ಕ್ಕಿಂತ ಕೆಳಗೆ ಇದ್ದರೆ ನಿಗಾ ಇಡುವುದಕ್ಕೆ ಧೈರ್ಯ ಜಾಸ್ತಿ.

ಬ್ರಿಟನ್ನಿನಲ್ಲಿ 1,643 ಗಂಡಸರನ್ನು ಮೂರು ಗುಂಪು ಮಾಡಿ ಹಿಂಬಾಲಿಸಿದ ಅಧ್ಯಯನ ಉಂಟು, ಪ್ರೊಟೆಕ್ಟ್ ಅಂತ. 15 ವರ್ಷದ ಲೆಕ್ಕ 2023ರಲ್ಲಿ ಬಂತು. ನಿಗಾ, ಆಪರೇಷನ್, ರೇಡಿಯೇಷನ್, ಯಾವ ಗುಂಪಿನಲ್ಲೂ ಈ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಮೂರರ ಆಸುಪಾಸು. ಆದರೆ ಅರ್ಧ ಮಾತ್ರ ಹೇಳಿದರೆ ತಪ್ಪಾಗುತ್ತದೆ. ಬೇರೆ ಕಡೆಗೆ ಹರಡಿದ್ದು ನಿಗಾ ಗುಂಪಿನಲ್ಲಿ 9.4 ಪರ್ಸೆಂಟ್, ಆಪರೇಷನ್ ಗುಂಪಿನಲ್ಲಿ 4.7. ನಿಗಾದಲ್ಲಿದ್ದವರಲ್ಲೂ 61 ಪರ್ಸೆಂಟ್ ಜನ ಅಷ್ಟರೊಳಗೆ ಚಿಕಿತ್ಸೆಗೆ ಹೋದರು. ಆ ಅಧ್ಯಯನದಲ್ಲಿ 6ಕ್ಕಿಂತ ಜಾಸ್ತಿ ಸ್ಕೋರಿನವರೂ ಇದ್ದರು, ನಿಗಾವೂ ಈಗಿನಷ್ಟು ಬಿಗಿ ಇರಲಿಲ್ಲ. ಇನ್ನೊಂದು, 51ರವನ ಎದುರು 15 ಅಲ್ಲ, 30 ವರ್ಷ ಉಂಟು. ಹಾಗಾಗಿ ನಿಗಾ ಅಂದರೆ ಒಂದು ಟೆಸ್ಟೂ ತಪ್ಪಿಸಬಾರದು. ತಪ್ಪಿಸುವ ಸ್ವಭಾವ ನಿಮ್ಮದಾದರೆ ಈ ದಾರಿ ಬೇಡ.

ಕುಂದಾಪ್ರದವ

ನಾನು 49ರಲ್ಲಿ ತೆಗೆಸಿದವನು. ಅದಕ್ಕೇ ನನ್ನ ಮಾತು ಒಂದೇ: ನಿಮ್ಮ 6 ನಿಜವಾಗಿ 6 ಹೌದಾ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ.

ನನ್ನ ಮೊದಲ ರಿಪೋರ್ಟಿನಲ್ಲೂ 6 ಅಂತಲೇ ಇತ್ತು. ನಿಗಾ ಅಂತ ನಿರ್ಧಾರವೂ ಆಗಿತ್ತು. ಭಾವ ಬಿಡಲಿಲ್ಲ, ಬಯಾಪ್ಸಿಯ ಗಾಜಿನ ಸ್ಲೈಡ್ ಬೇರೆ ಕಡೆ ಇನ್ನೊಮ್ಮೆ ತೋರಿಸುವ ಅಂತ ಹಟ ಹಿಡಿದರು. ಲ್ಯಾಬಿನಲ್ಲಿ ಕೇಳಿದರೆ ಸ್ಲೈಡ್, ಬ್ಲಾಕ್ ಎರಡೂ ಕೊಡುತ್ತಾರೆ. ಬ್ಲಾಕ್ ಅಂದರೆ ಬೆರಳಗಲದ ಮೇಣದ ತುಂಡು, ಅದರೊಳಗೆ ನೂಲಿನಷ್ಟು ಸಪೂರದ ಮಾಂಸದ ಎಳೆ. ಬಿಸಿಲಿಗೆ ಕರಗೀತು ಅಂತ ಟವೆಲಿನಲ್ಲಿ ಸುತ್ತಿ, ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಮಡಿಲಲ್ಲೇ ಇಟ್ಟುಕೊಂಡು ಮುಂಬೈಯ ಟಾಟಾ ಆಸ್ಪತ್ರೆಗೆ ಹೋದೆ. ಅಲ್ಲಿ 3+4, ಅಂದರೆ 7 ಅಂದರು. ಜೊತೆಗೆ ಕ್ರಿಬ್ರಿಫಾರ್ಮ್ ಅನ್ನುವ, ಜರಡಿಯ ಹಾಗೆ ಕಾಣುವ ನಮೂನೆಯೂ ಕಂಡಿತು. ಅದು ಕಂಡರೆ ಕಾಯುವುದು ಒಳ್ಳೆಯದಲ್ಲ. ಆಪರೇಷನ್ ಮಾಡಿಸಿದೆ.

ಈಗ ನಿಮ್ಮ ಹೆದರಿಕೆಗೆ ಬರುತ್ತೇನೆ, ಮುಚ್ಚಿಡುವುದಿಲ್ಲ. ಹತ್ತು ದಿನ ಮೂತ್ರದ ಪೈಪು. ತೆಗೆದ ದಿನ ಎದ್ದು ನಿಂತರೆ ಸಾಕು, ಕಾಲಿಗೆ ಇಳಿಯುತ್ತಿತ್ತು. ಮೊದಲ ತಿಂಗಳು ದಿನಕ್ಕೆ ನಾಲ್ಕು ಪ್ಯಾಡ್, ಮೂರು ತಿಂಗಳಿಗೆ ಒಂದು, ಎಂಟನೇ ತಿಂಗಳಿಗೆ ಪೂರ್ತಿ ಬಿಟ್ಟೆ. ಮೂತ್ರ ತಡೆಯುವ ಸ್ನಾಯು ಬಿಗಿ ಮಾಡುವ ಕೆಗೆಲ್ ವ್ಯಾಯಾಮವನ್ನು ಆಪರೇಷನ್ನಿಗೆ ಮೊದಲೇ ಶುರು ಮಾಡಬೇಕು, ನಾನು ತಡ ಮಾಡಿದೆ. ಈಗಲೂ ಜೋರು ಕೆಮ್ಮು ಬಂದರೆ ಒಂದು ಹನಿ. ಗಂಡ ಹೆಂಡತಿ ವಿಷಯ: ನರ ಉಳಿಸಿದ್ದರೂ ಒಂದೂವರೆ ವರ್ಷ ಬೇಕಾಯಿತು, ಅದೂ ಮಾತ್ರೆಯ ಸಹಾಯದಿಂದ. ಮೊದಲಿನ ಹಾಗೆ ಅಲ್ಲ. ವೀರ್ಯ ಬರುವುದಿಲ್ಲ, ಸುಖ ಇರುತ್ತದೆ. ಇದನ್ನು ಇಬ್ಬರೂ ಮೊದಲೇ ಕೂತು ಮಾತಾಡಿದ್ದರಿಂದ ಮನೆ ಉಳಿಯಿತು. ನಿಮ್ಮವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಪ್ರಶ್ನೆ ಅವರೇ ಕೇಳಲಿ.

ನನಗೆ ಬೇಸರ ಇಲ್ಲ, ನನ್ನದು ತೆಗೆಸಲೇಬೇಕಾದದ್ದು. ಆದರೆ ನಿಜವಾಗಿ 6 ಇದ್ದಿದ್ದರೆ ಇಷ್ಟೆಲ್ಲ ಅನುಭವಿಸುತ್ತಿರಲಿಲ್ಲ.

ಮಣಿಪಾಲದ ಅಕ್ಕ

ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ತಮ್ಮಾ, ಮನೆಯಲ್ಲಿ ಯಾರಿಗೆಲ್ಲ ಕ್ಯಾನ್ಸರ್ ಇತ್ತು ಅಂತ ನೀವು ಬರೆಯಲಿಲ್ಲ. ಅಪ್ಪನಿಗೆ, ಅಣ್ಣನಿಗೆ ಮಾತ್ರ ಅಲ್ಲ, ಅಮ್ಮನ ಕಡೆಯೂ ಕೇಳಿ. ಸ್ತನದ, ಅಂಡಾಶಯದ ಕ್ಯಾನ್ಸರ್ ಇದ್ದ ಮನೆಯಲ್ಲಿ ಬಿಆರ್‌ಸಿಎ2 ಅನ್ನುವ ಜೀನ್ ದೋಷ ಇರಬಹುದು. ಅದು ತಾಯಿಯಿಂದ ಮಗನಿಗೂ ಬರುತ್ತದೆ, ಇದ್ದವರಲ್ಲಿ ಈ ಕಾಯಿಲೆ ಜೋರಾಗಿ ಬೆಳೆಯುತ್ತದೆ. ಆಗ ನಿಗಾದ ಲೆಕ್ಕವೇ ಬೇರೆ. ರಕ್ತ ಅಥವಾ ಎಂಜಲಿನ ಪರೀಕ್ಷೆ ಸಾಕು. ನಮ್ಮ ಊರಲ್ಲಿ ಅಳಿಯಸಂತಾನ ಅಂತ ಎಲ್ಲ ಅಮ್ಮನ ಕಡೆಯಿಂದಲೇ ಎಣಿಸುತ್ತೇವೆ, ಕಾಯಿಲೆ ವಿಷಯದಲ್ಲಿ ಮಾತ್ರ ಅಪ್ಪನಿಗೆ ಇತ್ತಾ ಅಂತ ಕೇಳಿ ಬಿಡುತ್ತೇವೆ.

ರೇಡಿಯೇಷನ್ನೂ ಒಂದು ದಾರಿ, ಅದನ್ನು ಯಾರೂ ಹೇಳಲಿಲ್ಲ ನಿಮಗೆ. ರೇಡಿಯೇಷನ್ ಡಾಕ್ಟರನ್ನೂ ಒಮ್ಮೆ ಕಂಡು ಬನ್ನಿ. ಒಂದು ಮಾತು ನೆನಪಿರಲಿ: ಆಪರೇಷನ್ ಆಗಿ ಮತ್ತೆ ಬಂದರೆ ರೇಡಿಯೇಷನ್ ಕೊಡಬಹುದು, ರೇಡಿಯೇಷನ್ ಆದ ಮೇಲೆ ಆಪರೇಷನ್ ಬಹಳ ಕಷ್ಟ.

ಕಾಪು ಕರಾವಳಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಕ್ಕಾ, ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. ಅವರು ಅಳಲಿಲ್ಲ. ಗಂಜಿ ಬಟ್ಟಲು ಪಕ್ಕಕ್ಕೆ ಸರಿಸಿ ಬೆರಳಲ್ಲಿ ಎಣಿಸಿದರು: ದೊಡ್ಡಮ್ಮನಿಗೆ 44ರಲ್ಲಿ ಎದೆಯ ಗಡ್ಡೆ, ಅವರ ಮಗಳಿಗೂ ಈಗ ಚಿಕಿತ್ಸೆ ನಡೆಯುತ್ತಾ ಉಂಟು. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಗುರುವಾರದ ಡೇಟ್ ಬಿಟ್ಟೆ. ಸೋಮವಾರ ರಜೆ ಹಾಕಿ ಸ್ಲೈಡ್, ಬ್ಲಾಕ್ ತರುತ್ತೇನೆ, ಜೀನ್ ಪರೀಕ್ಷೆಗೂ ಕೇಳುತ್ತೇನೆ. ಎರಡೂ ಬಂದ ಮೇಲೆ ಹೆಂಡತಿಯನ್ನು ಕರೆದುಕೊಂಡು ಇಬ್ಬರು ಡಾಕ್ಟರನ್ನೂ ಕಾಣುವುದು.

ಕುಂದಾಪ್ರದವ

ಒಳ್ಳೆದಾಯಿತು. ಬ್ಲಾಕ್ ತರುವಾಗ ಡಬ್ಬಿಯ ಮೇಲಿನ ನಂಬರ್ ರಿಪೋರ್ಟಿನ ನಂಬರಿಗೆ ತಾಳೆ ಆಗುತ್ತದಾ ಅಂತ ಕೌಂಟರಿನಲ್ಲೇ ನೋಡಿ. ಎಂಆರ್‌ಐ ಸಿಡಿಯೂ ಜೊತೆಗಿರಲಿ, ಬರೀ ಕಾಗದ ಸಾಲುವುದಿಲ್ಲ. ಮುಂಬೈಗೆ ಹೋಗುವುದಾದರೆ ಮೆಸೇಜ್ ಮಾಡಿ, ಯಾವ ಕೌಂಟರಿನಲ್ಲಿ ಏನು ಕೊಡಬೇಕು ಅಂತ ಫೋನಿನಲ್ಲೇ ಹೇಳುತ್ತೇನೆ.