ಅಪ್‌ಡೇಟ್: ಲುವಾಗೆ ಸಿ ಮಾಡ್ಯೂಲ್ ಲಿಂಕ್ ಮಾಡುವ ತೊಂದರೆ ಬಗೆಹರಿಯಿತು

ನಾನು ಕೇಳಿದ್ದು ಇದು: ನಮ್ಮ ಪ್ರೋಗ್ರಾಮ್ ಒಳಗೆ ಲುವಾ ಎಂಬ ಸ್ಕ್ರಿಪ್ಟಿಂಗ್ ಭಾಷೆಯ 5.3 ಇಂಟರ್‌ಪ್ರಿಟರ್ ಇದೆ. ಲುವಾದಿಂದ ಬಳಸಲು ಸಿ ಭಾಷೆಯಲ್ಲಿ ಬರೆದ ಮಾಡ್ಯೂಲ್ ಸಿಮೇಕ್ ಎಂಬ ಬಿಲ್ಡ್ ಟೂಲ್‌ನಲ್ಲಿ ಸಲೀಸಾಗಿ ಬಿಲ್ಡ್ ಆಗುತ್ತದೆ. ಆದರೆ ಲಿನಕ್ಸ್‌ನಲ್ಲಿ ಅದನ್ನು ಲೋಡ್ ಮಾಡಲು ಲುವಾದಲ್ಲಿ ‘ರಿಕ್ವೈರ್’ ಮಾಡಿದ ಕೂಡಲೇ ‘ಮಲ್ಟಿಪಲ್ ಲುವಾ ವಿಎಮ್ಸ್ ಡಿಟೆಕ್ಟೆಡ್’ (ಒಂದಕ್ಕಿಂತ ಹೆಚ್ಚು ಲುವಾ ಇವೆ) ಅಂತ ಎರರ್ ಬರುತ್ತದೆ.

ನೀವು ಹೇಳಿದಂತೆ ‘ಎನ್‌ಎಮ್ -ಡಿ’ ಓಡಿಸಿ ನೋಡಿದೆ; ಫೈಲ್‌ನಲ್ಲಿರುವ ಸಿಂಬಲ್‌ಗಳನ್ನು, ಅಂದರೆ ಫಂಕ್ಷನ್ ಮುಂತಾದವುಗಳ ಹೆಸರುಗಳನ್ನು, ಪಟ್ಟಿ ಮಾಡುವ ಕಮಾಂಡ್ ಅದು. ಲುವಾದ ಫಂಕ್ಷನ್‌ಗಳ ಮುಂದೆ ‘ಯು’ ಇರಬೇಕಿತ್ತು, ಅಂದರೆ ಹೊರಗಿನಿಂದ ಬರಬೇಕು ಅಂತ. ಅಲ್ಲಿದ್ದದ್ದು ‘ಟಿ’! ಅಂದರೆ ಆ ಫಂಕ್ಷನ್‌ಗಳು ಅಲ್ಲೇ ಇವೆ; ಮಾಡ್ಯೂಲ್ ತನ್ನೊಳಗೇ ಇನ್ನೊಂದು ಪೂರ್ತಿ ಲುವಾ ಇಟ್ಟುಕೊಂಡಿತ್ತು. ಲೈಬ್ರರಿ ಲಿಂಕ್ ಮಾಡಲೇಬೇಕು ಅಂದುಕೊಂಡು ಸ್ಟ್ಯಾಟಿಕ್ ಲುವಾವನ್ನು (ಫೈಲ್‌ನೊಳಗೇ ನಕಲಾಗಿ ಸೇರುವ ಲೈಬ್ರರಿ) ಪ್ರೋಗ್ರಾಮ್, ಮಾಡ್ಯೂಲ್ ಎರಡೂ ಕಡೆ ನಾನೇ ಸೇರಿಸಿದ್ದೆ.

ಮಾಡ್ಯೂಲ್‌ನಿಂದ ಅದನ್ನು ತೆಗೆದೆ. ಈಗ ‘ಅನ್‌ಡಿಫೈನ್ಡ್ ಸಿಂಬಲ್’ (ಬೇಕಾದ ಫಂಕ್ಷನ್ ಸಿಗಲಿಲ್ಲ) ಎರರ್ ಶುರುವಾಯಿತು. ಎರರ್ ಬದಲಾಯಿತಲ್ವಾ, ದಾರಿ ಸರಿಯಿದೆ ಅಂತ ಆಗಲೇ ಧೈರ್ಯ ಬಂತು. ಮುಖ್ಯ ಪ್ರೋಗ್ರಾಮ್ ತನ್ನ ಸಿಂಬಲ್‌ಗಳನ್ನು ಹೊರಗೆ ತೋರಿಸುತ್ತಿರಲಿಲ್ಲ. ಸಿಮೇಕ್‌ನಲ್ಲಿ ಆ ಪ್ರೋಗ್ರಾಮ್‌ನ ಟಾರ್ಗೆಟ್‌ಗೆ ‘ಎನೇಬಲ್ ಎಕ್ಸ್‌ಪೋರ್ಟ್ಸ್’ ಆನ್ ಮಾಡಿದ ಮೇಲೆ ಮಾಡ್ಯೂಲ್ ಲೋಡ್ ಆಯಿತು.

ಇನ್ನೊಂದು ಸಣ್ಣ ವಿಷಯ. ಸಿಮೇಕ್ ಮಾಡ್ಯೂಲ್‌ನ ಫೈಲ್ ಹೆಸರಿನ ಮುಂದೆ ‘ಲಿಬ್’ ಅಂತ ಸೇರಿಸುತ್ತದೆ, ಲುವಾ ಆ ಹೆಸರಿನಲ್ಲಿ ಹುಡುಕುವುದಿಲ್ಲ. ಸಿಮೇಕ್‌ನಲ್ಲಿ ಮಾಡ್ಯೂಲ್‌ನ ‘ಪ್ರಿಫಿಕ್ಸ್’ ಖಾಲಿ ಎಂದು ಕೊಡಿ. ಮೊದಲು ನಾನು ಪ್ರತಿ ಸಲ ಕೈಯಿಂದಲೇ ಹೆಸರು ಬದಲಿಸುತ್ತಿದ್ದೆ.

ಈಗ ಬಿಲ್ಡ್ ಮುಗಿದ ತಕ್ಷಣ ಒಂದು ಟೆಸ್ಟ್ ಓಡುತ್ತದೆ. ಮಾಡ್ಯೂಲ್‌ನಲ್ಲಿ ಲುವಾ ಫಂಕ್ಷನ್ ಮುಂದೆ ‘ಟಿ’ ಕಂಡರೆ ಬಿಲ್ಡ್ ಅಲ್ಲೇ ಫೇಲ್. ‘ಎನ್‌ಎಮ್’ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಆ ಒಂದು ಸಾಲಿನಿಂದಲೇ ಎಲ್ಲಾ ಬಿಡಿಸಿಕೊಂಡಿತು.