ಮಾರ್ಸೇ ಟ್ಯಾರೋ ಡೆಕ್‌ನ ಪಿಪ್ ಕಾರ್ಡ್ ಓದೋದು ಹೇಗೆ? ಅನುಭವ ಇದ್ದವರು ಹೇಳಿ

ಮೂರನೇಎಲೆ: ಎಲ್ಲ ಕಾರ್ಡಲ್ಲೂ ಚಿತ್ರ ಇರೋ ರೈಡರ್-ವೇಟ್ ಟ್ಯಾರೋ ಡೆಕ್‌ನಲ್ಲಿ ಭವಿಷ್ಯ ಓದಿ ಕೈ ಕುದುರಿದೆ. ಈಗ ಹಳೇ ಫ್ರೆಂಚ್ ಮಾದರಿಯ ಮಾರ್ಸೇ ಹಿಡಿದಿದ್ದೀನಿ, ನಿಕೋಲಾ ಕಾನ್ವೇರ್‌ನ 1760ರ ಡೆಕ್‌ನ ಮರುಮುದ್ರಣ. ಸನ್ಯಾಸಿ, ಸೈತಾನನಂಥ ಮೇಜರ್ 22ಕ್ಕೆ ತೊಂದರೆ ಇಲ್ಲ, ರಾಜ-ರಾಣಿಯರ ಕೋರ್ಟ್ ಕಾರ್ಡ್‌ಗಳೂ ಹೇಗೋ ಮಾತಾಡ್ತವೆ. ಉಳಿದ 40 ಪಿಪ್ ಕಾರ್ಡ್ (ಕತ್ತಿ, ದೊಣ್ಣೆ, ಬಟ್ಟಲು, ನಾಣ್ಯ ಅನ್ನೋ ನಾಲ್ಕು ಸೂಟ್‌ನ ಎಕ್ಕದಿಂದ ಹತ್ತು) ಮುಂದೆ ಕೂತರೆ ಬಾಯಿ ಕಟ್ಟಿಹೋಗುತ್ತೆ. ಮನುಷ್ಯರೇ ಇಲ್ಲ, ಬರೀ ಕತ್ತಿ, ದೊಣ್ಣೆ, ಎಲೆ, ಬಳ್ಳಿ. ಗೆಳತಿಗೆ ಕೆಲಸ ಬದಲಾಯಿಸೋ ವಿಚಾರಕ್ಕೆ ಮೂರು ಕಾರ್ಡ್ ಎಳೆದೆ: ಕತ್ತಿ ಏಳು, ನಾಣ್ಯ ಎಂಟು, ಮೇಜರ್‌ನ ಹದಿಮೂರು. ಕತ್ತಿ ಏಳಕ್ಕೆ ವೇಟ್ ಡೆಕ್‌ನ ಅರ್ಥವನ್ನೇ, ಅಂದ್ರೆ ಡೇರೆಗಳ ಹತ್ತಿರದಿಂದ ಕತ್ತಿ ಹೊತ್ಕೊಂಡು ಜಾರಿಕೊಳ್ಳೋ ಆ ಕಳ್ಳನನ್ನ, ಇಲ್ಲಿಗೆ ತರಬಹುದಾ? ರಿವರ್ಸ್ (ತಲೆಕೆಳಗಾಗಿ ಬಂದ ಕಾರ್ಡಿಗೆ ಬೇರೆ ಅರ್ಥ) ಇಟ್ಕೋಬೇಕಾ, ಬೇಡವಾ?

ರಾತ್ರಿಪಾಳಿ: ನನ್ನ ಕಥೆ ಹೇಳ್ತೀನಿ, ಬೇಕಾದ್ದು ಹೆಕ್ಕಿಕೊಳ್ಳಿ. ನಾನೂ ವೇಟ್‌ನಿಂದಲೇ ಬಂದವನು. ಮಾರ್ಸೇ ಕೈಗೆ ಬಂದ ದಿನವೇ ಹಳೇ ಅರ್ಥಗಳ ಪಟ್ಟಿಯನ್ನ ಅಟ್ಟಕ್ಕೆ ಹಾಕಿದೆ. 'ಅದೂ ಟ್ಯಾರೋ ಇದೂ ಟ್ಯಾರೋ, ಸುಮ್ನೆ ಯಾಕೆ ಒದ್ದಾಡ್ತೀಯ' ಅಂತ ಸುತ್ತ ಇದ್ದವರೆಲ್ಲ ತಲೆ ತಿಂದರು. ಜಗ್ಗಲಿಲ್ಲ.

ಸೂಟ್‌ಗೆ ಏನರ್ಥ, ಸಂಖ್ಯೆಗೆ ಏನರ್ಥ ಅನ್ನೋದೆಲ್ಲ ನಿಮಗೆ ಗೊತ್ತೇ ಇರುತ್ತೆ, ಬಿಡಿ. ನನಗೆ ಬಾಗಿಲು ತೆಗೆದಿದ್ದು ಕಣ್ಣು. ಕತ್ತಿ ಕಾರ್ಡ್‌ಗಳನ್ನ ಎರಡರಿಂದ ಹತ್ತರವರೆಗೆ ನೆಲದ ಮೇಲೆ ಸಾಲಾಗಿ ಜೋಡಿಸಿ ನೋಡಿ. ಬಾಗಿದ ಕತ್ತಿಗಳೆಲ್ಲ ಸೇರಿ ಮೊಟ್ಟೆ ಆಕಾರದ ಬೇಲಿ ಕಟ್ಟಿರ್ತವೆ. ಎರಡು, ನಾಲ್ಕು, ಆರು, ಎಂಟರಲ್ಲಿ ಬೇಲಿ ಒಳಗೆ ಹೂವು. ಮೂರು, ಐದು, ಏಳು, ಒಂಬತ್ತರಲ್ಲಿ ಆ ಜಾಗಕ್ಕೆ ನೆಟ್ಟಗಿರೋ ಒಂದು ಕತ್ತಿ ಬಂದಿರುತ್ತೆ. ಹತ್ತಕ್ಕೆ ಬಂದ್ರೆ ಎರಡು ನೇರ ಕತ್ತಿ ಒಳಗೇ ಅಡ್ಡಡ್ಡ. ಸಮ ಬಂತಾ, ವಿಷಯ ನಿಂತಿದೆ. ಬೆಸ ಬಂತಾ, ಒಳಗೆ ಒಂದು ಇಚ್ಛೆ ಎದ್ದು ನಿಂತಿದೆ. ಸಂಖ್ಯೆ ಏರಿದಷ್ಟೂ ಬೇಲಿ ದಪ್ಪ. ಇಷ್ಟೇ ಇಟ್ಕೊಂಡು ಇವತ್ತಿಗೂ ಓದ್ತಾ ಇದ್ದೀನಿ.

ಇದಕ್ಕೆ ಸಂದ ಬೆಲೆ ಮಾತ್ರ ಕೇಳಬೇಡಿ. ದಿನಾ ರಾತ್ರಿ ಪಾಳಿ ಮುಗಿಸಿ ಬಂದು ನೆಲದ ಮೇಲೆ ಕೂತು ನೋಟ್‌ಬುಕ್ ತುಂಬಿಸಿದ್ದು. ಎಡಗಡೆ ಪುಟದಲ್ಲಿ ಕಂಡದ್ದು, ಬಲಗಡೆ ಆಮೇಲೆ ನಡೆದದ್ದು. ಬಲಗಡೆ ಪುಟಗಳು ಅರ್ಧಕ್ಕರ್ಧ ಖಾಲಿ, ಯಾಕಂದ್ರೆ ಕೇಳಿಸ್ಕೊಂಡು ಹೋದವರು ಏನಾಯ್ತು ಅಂತ ವಾಪಸ್ ಬಂದು ಹೇಳಲ್ಲ. ನೋಟ್‌ಬುಕ್‌ಗೆ ಆದ ಖರ್ಚಿಗಿಂತ ಬೆನ್ನುನೋವಿಗೆ ಆದ ಖರ್ಚೇ ಜಾಸ್ತಿ. ಡೆಕ್‌ನ ಲ್ಯಾಮಿನೇಷನ್ ಬೇರೆ ಮೂಲೆಯಿಂದ ಸಿಪ್ಪೆ ಥರ ಎದ್ದು ಬಂತು, ಮೊದಲು ದೊಣ್ಣೆ ರಾಣಿ, ಆಮೇಲೆ ಬಟ್ಟಲಿನ ಎಕ್ಕ. ಮಾರಿದವರು ಉತ್ತರ ಕೊಡಲೇ ಇಲ್ಲ.

ಬೂದುಬೆಕ್ಕು: ಎಷ್ಟು ಚೆಂದ ಅನ್ಸುತ್ತೆ ಅಲ್ವಾ ಕೇಳೋಕೆ? ದುಡ್ಡು ತಗೊಂಡು ರೀಡಿಂಗ್ ಮಾಡಿ ನೋಡಿ, ಆಗ ಗೊತ್ತಾಗುತ್ತೆ. ಎದುರಿಗೆ ಕೂತವರು ಕಾರ್ಡ್ ನೋಡ್ತಾರೆ, ನಿಮ್ಮ ಮುಖ ನೋಡಲ್ಲ. ವೇಟ್ ಡೆಕ್‌ನಲ್ಲಿ ಬಟ್ಟಲು ಐದು ಇಟ್ಟೆ ಅಂದ್ರೆ, ಚೆಲ್ಲಿಹೋದ ಮೂರು ಬಟ್ಟಲ ಮುಂದೆ ತಲೆ ತಗ್ಗಿಸಿ ನಿಂತವನನ್ನ ನೋಡಿ ಅವರೇ ಮಾತು ಶುರು ಮಾಡ್ತಾರೆ. ಮಾರ್ಸೇಯ ಬಟ್ಟಲು ಐದು ಇಟ್ಟೆ, ಒಬ್ಬರು 'ಇದೇನು ಮೇಡಂ, ಇಸ್ಪೀಟಾ?' ಅಂದ್ರು. ಎದ್ದು ಹೋದವರು ಮತ್ತೆ ಬರಲಿಲ್ಲ, ಅವರ ಜೊತೆ ಅವರ ಅಕ್ಕ, ಅಕ್ಕನ ಆಫೀಸಿನವರು, ಎಲ್ಲರೂ ಹೋದರು. ಮಾರ್ಸೇ ಕಲಿತರೇನೇ ನಿಜವಾದ ರೀಡರ್ ಅಂತ ಆಸೆ ಹುಟ್ಟಿಸಿದ ಟೀಚರ್ ಒಬ್ಬರಿದ್ದರು. ಅವರ ಮೂರು ಹಂತದ ಕೋರ್ಸ್‌ಗೆ ಪೂರ್ತಿ ಫೀಸು ಕಟ್ಟಿದೆ. ಎರಡನೇ ಹಂತದ ಹೊತ್ತಿಗೆ ಅವರು ಹರಳು ಮಾರೋಕೆ ಶುರು ಮಾಡಿದ್ರು. ಮೂರನೇ ಹಂತ ಇವತ್ತಿಗೂ ಬಂದಿಲ್ಲ, ಫೀಸೂ ವಾಪಸ್ ಬಂದಿಲ್ಲ.

1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ವೇಟ್ ಡೆಕ್‌ನ 78 ಕಾರ್ಡಿಗೂ ಚಿತ್ರ ಬರೆದಿದ್ದು ಸುಮ್ನೆ ಅಲ್ಲ. ಬಾಯಿ ಕಟ್ಟಿದವರಿಗೆ ಬಾಯಿ ಕೊಟ್ಟ ಹೆಣ್ಣುಮಗಳು. ಒಂದಿಷ್ಟು ಜನ ಅವಳ ಕೆಲಸವನ್ನ 'ಆರಂಭಿಕರಿಗೆ' ಅಂತ ಮೂಲೆಗೆ ತಳ್ಳಿಬಿಡ್ತಾರೆ, ನನಗೆ ಮೈ ಉರಿಯುತ್ತೆ.

ಹಳೇಮುದ್ರೆ: ಪಿಪ್‌ಗೆ ಚಿತ್ರ ಬರೆದವರಲ್ಲಿ ಅವಳೇ ಮೊದಲಲ್ಲ ಮಾರಾಯ್ರೆ. 1491ರ ಸುಮಾರಿನ ಸೋಲಾ ಬುಸ್ಕಾ ಡೆಕ್ ಉಂಟಲ್ಲ ಇಟಲಿಯದ್ದು, ಅದರ ಫೋಟೋಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದವು. ಹೃದಯಕ್ಕೆ ಮೂರು ಕತ್ತಿ ಚುಚ್ಚಿದ ಆ ಕಾರ್ಡ್ ಅಲ್ಲಿಯೂ ಉಂಟು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಬೂದುಬೆಕ್ಕು: ನೋಡಿ ಬರೆದರೆ ಕಳ್ಳತನವಾ? ನಿಮ್ಮ ಕಾನ್ವೇರ್ ಏನು ಕನಸಲ್ಲಿ ಕಂಡು ಕೆತ್ತಿದ್ನಾ? ಅವನಿಗಿಂತ ಹಿಂದಿನ ಕಾರ್ಡ್ ತಯಾರಕರು ದೋದಾಲ್, ಮದೆನಿಯೇ, ಅವರ ಹಿಂದೆ ಇನ್ನೊಬ್ಬರು, ಎಲ್ಲರೂ ಒಬ್ಬರ ಅಚ್ಚನ್ನ ಇನ್ನೊಬ್ಬರು ತೆಗೆದವರೇ.

ಹಳೇಮುದ್ರೆ: ಕಳ್ಳತನ ಅಂತ ಯಾರು ಹೇಳಿದ್ದು? ನಾನು ಹೇಳಲಿಕ್ಕೆ ಬಂದದ್ದು ಬೇರೆ. ನಾನು ಓದುವುದು ಜಾಂ ನೋಬ್ಲೆ ಡೆಕ್, 17ನೇ ಶತಮಾನದ ನಡುವಿನ ಪ್ಯಾರಿಸ್‌ನದ್ದು, ಮೂಲ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಂಟು. ಉಳಿದದ್ದು 73 ಕಾರ್ಡ್. ಕಳೆದುಹೋದ ಐದು ಯಾವುದು ಗೊತ್ತುಂಟಾ? ಕತ್ತಿ ಆರರಿಂದ ಹತ್ತು. ಅಂದರೆ ನನ್ನ ಡೆಕ್‌ನಲ್ಲಿ ಕತ್ತಿ ಏಳು ಬಂದರೆ, ಅದು ಈ ಕಾಲದವರು ಊಹಿಸಿ ಬರೆದ ಕತ್ತಿ. ನಾನು ಆ ಐದನ್ನು ತೆಗೆದಿಟ್ಟು 73ರಲ್ಲೇ ಓದುತ್ತೇನೆ. ಈ ಒಂದು ಕಾರಣಕ್ಕೆ ನಮ್ಮ ಓದುಗರ ಗುಂಪಿನಿಂದ ನನ್ನನ್ನು ಹೊರಗೆ ಹಾಕಿದರು. ಆ ಡೆಕ್‌ಗೆ ನಾನು ಸರದಿಯಲ್ಲಿ ಕಾದದ್ದು, ಬಂದಾಗ ಪೆಟ್ಟಿಗೆ ಜಜ್ಜಿಹೋಗಿದ್ದದ್ದು, ವಾಪಸ್ ಕಳಿಸುವ ಸಾಗಣೆ ಖರ್ಚು ನನ್ನ ತಲೆಗೇ ಬಂದದ್ದು, ಎಲ್ಲ ಬರೆದರೆ ರಾತ್ರಿ ಸಾಲದು.

ಇನ್ನೊಂದು. ಹಳೆಯ ಟ್ಯಾರೋ ಆಟದಲ್ಲಿ ಬಟ್ಟಲು ಮತ್ತು ನಾಣ್ಯದ ಕ್ರಮ ತಿರುಗುಮುರುಗು. ಪಿಪ್‌ಗಳಲ್ಲಿ ಎಕ್ಕ ದೊಡ್ಡದು, ಹತ್ತು ಚಿಕ್ಕದು. ಕತ್ತಿ, ದೊಣ್ಣೆಯಲ್ಲಿ ಮಾತ್ರ ಹತ್ತು ದೊಡ್ಡದು. ಆ ಲೆಕ್ಕದಲ್ಲಿ ನಾಣ್ಯ ಎಂಟು ಬಡಪಾಯಿ ಕಾರ್ಡ್. ಸಂಖ್ಯೆ ಏರಿದ ಹಾಗೆ ಎಲ್ಲವೂ ದಪ್ಪ ಆಗುತ್ತದೆ ಅನ್ನುವವರು ಇದನ್ನು ಸ್ವಲ್ಪ ಯೋಚಿಸಲಿ.

ರಾತ್ರಿಪಾಳಿ: ನಾನು ಹೇಳಿದ್ದು ಕತ್ತಿಯ ಬೇಲಿ ಬಗ್ಗೆ. ಎಲ್ಲ ಸೂಟ್ ಬಗ್ಗೆ ಅಲ್ಲ. ಓದಿ ಬರೆಯಿರಿ ಸ್ವಾಮಿ.

ದೊಣ್ಣೆರಾಣಿ: ಉಲ್ಟಾ ಕಾರ್ಡ್ ಓದೂದು ನಾ ಬಿಟ್ಟೇನ್ರಿ. ಮಾರ್ಸೇದಾಗ ನಾಣ್ಯ ಎಂಟು ತಲಿಕೆಳಗ ಬಂದೈತೋ ನೆಟ್ಟಗ ಬಂದೈತೋ ಅಂತ ಹುಡುಕೂದರಾಗ ಕೇಳಾಕ ಬಂದವರ ಚಾ ಆರಿ ಹೋಗತೈತಿ. ಬಳ್ಳಿ ಯಾವ ಕಡೆ ಬಾಗೈತಿ ನೋಡಬೇಕು, ಕನ್ನಡಕ ಬೇಕು, ಬೆಳಕು ಬೇಕು. ಕಾರ್ಡ್ ಒಳಗಿನ ಮಂದಿ ಯಾ ಕಡೆ ಮುಖ ಮಾಡ್ಯಾರ ನೋಡ್ರಿ, ಸಾಕು. ಸನ್ಯಾಸಿ ಎಡಕ್ಕ ನೋಡತಾನ, ಅಂದ್ರ ಹಿಂದಿನ ಕಾರ್ಡ್‌ಗೆ ದೀಪ ಹಿಡಿದಾನ ಅಂತ ಅರ್ಥ.

ಹದಿಮೂರರ ಬಗ್ಗೆ ನಾ ಹೇಳಲೇಬೇಕು. ಮಾರ್ಸೇದಾಗ ಬಹುತೇಕ ಅದಕ್ಕ ಹೆಸರ ಇರೂದಿಲ್ಲ, ಬರೇ ಸಂಖ್ಯೆ, ಕುಡುಗೋಲು ಹಿಡಿದ ಎಲುಬಿನ ಗೂಡು, ನೆಲದಾಗ ತಲಿ, ಕೈ, ಕಾಲು. ಒಬ್ಬಾಕಿ ತಂಗಿ ಆಪರೇಷನ್ ಬಗ್ಗೆ ಕೇಳಾಕ ಬಂದಿದ್ಲು, ಇದು ಬಂತು. ಆಕಿ ಅಳೂದ ನಿಲ್ಲಸಲಿಲ್ರಿ. ಕಪ್ಪು ನೆಲದಾಗ ಹಸಿರು ಹುಟ್ಟೇತಿ ನೋಡವ್ವಾ ಅಂತ ಎಷ್ಟು ಹೇಳಿದ್ರೂ ಆಕಿ ಕಣ್ಣು ಕುಡುಗೋಲಿನ ಮ್ಯಾಲೆ. ಅವತ್ತಿನಿಂದ ದವಾಖಾನಿ ಪ್ರಶ್ನೆ ನಾ ತಗೊಳ್ಳೂದಿಲ್ಲ. ಡಾಕ್ಟರ್‌ನ ಕೇಳ್ರಿ ಅಂತೀನಿ. ಯಾರು ಏನ ಅಂದ್ರೂ ಇದರಾಗ ಬದಲಿಲ್ಲ.

ಮೂರನೇಎಲೆ: ಧನ್ಯವಾದ ಎಲ್ಲರಿಗೂ. ಆದ್ರೆ ಗೆಳತಿ ನಾಳೆ ರಾಜೀನಾಮೆ ಕೊಡ್ಲಾ ಅಂತ ಕೇಳ್ತಿದ್ದಾಳೆ...

ಒಂಟಿಕೊಕ್ಕರೆ: ಈ ಎಲ್ಲ ಗೊಂದಲಕ್ಕೆ ಮೂಲ ಒಂದೇ. ಇದು ಪ್ರಾಚೀನ ಈಜಿಪ್ಟಿನ ಪುರೋಹಿತರ ಜ್ಞಾನ, 22 ಕಾರ್ಡ್ 22 ಹೀಬ್ರೂ ಅಕ್ಷರ. ಆ ಕೀಲಿ ಇಲ್ಲದೆ ಪಿಪ್ ತೆರೆಯಲ್ಲ. ನಾನು ಪ್ರತಿ ಕಾರ್ಡಿಗೂ ಅಕ್ಷರ, ಗ್ರಹ, ರಾಶಿ ಬರೆದ ಚಾರ್ಟ್ ಮಾಡಿ ಗೋಡೆ ತುಂಬಾ ಅಂಟಿಸಿದ್ದೀನಿ. ಬಾಡಿಗೆ ಮನೆ, ಓನರ್ ಮುಂಗಡದಲ್ಲಿ ಗೋಡೆ ಬಣ್ಣಕ್ಕೆ ಅಂತ ಹಿಡ್ಕೊಂಡ್ರು, ಹಿಡ್ಕೊಳ್ಳಲಿ. ಶಕ್ತಿ ಕಾರ್ಡ್ ಎಂಟು, ನ್ಯಾಯ ಹನ್ನೊಂದು, ಸಿಂಹ ಮತ್ತು ತುಲಾ. ಮಾರ್ಸೇದಲ್ಲಿ ಅದು ಅದಲುಬದಲಾಗಿದೆ, ಸರಿ ಮಾಡ್ಕೊಂಡು ಓದಿ.

ಹಳೇಮುದ್ರೆ: ಅಯ್ಯೋ ದೇವರೇ. ಅದಲುಬದಲು ಮಾಡಿದ್ದು ಮಾರ್ಸೇ ಅಲ್ಲ. ಮಾರ್ಸೇಯಲ್ಲಿ ಮೊದಲಿಂದಲೂ ನ್ಯಾಯ ಎಂಟು, ಶಕ್ತಿ ಹನ್ನೊಂದು. ರಾಶಿಗೆ ಹೊಂದಬೇಕು ಅಂತ ತಿರುಗಿಸಿದ್ದು ಇಂಗ್ಲೆಂಡಿನ ಗೂಢವಿದ್ಯೆಯ ಸಂಘ ಗೋಲ್ಡನ್ ಡಾನ್‌ನವರು, 19ನೇ ಶತಮಾನದ ಕೊನೆಗೆ. ವೇಟ್ ಡೆಕ್ ಮಾಡಿಸಿದ ವೇಟ್ ಅಲ್ಲಿಂದ ಬಂದವರು. ಈಜಿಪ್ಟ್ ಕಥೆ ಶುರು ಮಾಡಿದ್ದು ಪ್ಯಾರಿಸ್‌ನ ಲೇಖಕ ಕೂರ್ ದ ಜೆಬೆಲಾಂ, 1781ರಲ್ಲಿ. ಶಾಂಪೋಲಿಯೋಂ ಎಂಬ ವಿದ್ವಾಂಸ ಈಜಿಪ್ಟಿನ ಚಿತ್ರಲಿಪಿ ಬಿಡಿಸಿದ್ದು 1822ರಲ್ಲಿ. ಒಂದಕ್ಷರ ಓದಲಿಕ್ಕೆ ಯಾರಿಗೂ ಬಾರದ ಕಾಲದಲ್ಲಿ ಇವರಿಗೆ ಪುರೋಹಿತರ ರಹಸ್ಯ ಗೊತ್ತಾಯಿತಂತೆ! 1440ರ ಫ್ಲಾರೆನ್ಸ್, 1442ರ ಫೆರಾರಾ, ಎರಡೂ ಕಡೆ ದಾಖಲೆಯಲ್ಲಿ ಸಿಗುವುದು ಆಟದ ಎಲೆ. ಭವಿಷ್ಯಕ್ಕೆಂದೇ ಡೆಕ್ ಮಾಡಿಸಿದವ ಪ್ಯಾರಿಸ್‌ನ ಭವಿಷ್ಯಕಾರ ಎತ್ತೇಯಾ, ಅದೂ 18ನೇ ಶತಮಾನದ ಕೊನೆಗೆ.

ಒಂಟಿಕೊಕ್ಕರೆ: ಬರೀ ಆಟದ ಎಲೆ ಅಂದ್ಮೇಲೆ ನೀವ್ಯಾಕೆ ಓದ್ತೀರಿ? ಆಡಿ.

ಹಳೇಮುದ್ರೆ: ಆಡುತ್ತೇನೆ ಕೂಡ. ನಿಮಗೆ ನಿಯಮ ಗೊತ್ತುಂಟಾ?

ಬೂದುಬೆಕ್ಕು: ಬೊಲೋನ್ಯಾದಲ್ಲಿ ಎತ್ತೇಯಾಗಿಂತ ಮುಂಚೆನೇ, 18ನೇ ಶತಮಾನದ ನಡುವಿನದ್ದು, ಕಾರ್ಡ್ ಅರ್ಥಗಳನ್ನ ಬರೆದಿಟ್ಟ ಹಾಳೆ ಸಿಕ್ಕಿದೆ. ಇತಿಹಾಸ ಹೇಳೋರು ಅದನ್ನೂ ಹೇಳಬೇಕಲ್ವಾ? ಬೇಕಾದ್ದಷ್ಟೇ ಹೇಳೋದು ಈ ಮಾರ್ಸೇಯವರ ಅಭ್ಯಾಸ.

ರಾತ್ರಿಪಾಳಿ: 'ಮಾರ್ಸೇಯವರು' ಅಂತ ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ. ನಾನು ಇತಿಹಾಸದ ತಂಟೆಗೆ ಹೋದವನೇ ಅಲ್ಲ. ಮೂರನೇಎಲೆ ಅವರೇ, ವೇಟ್‌ನ ಕಳ್ಳನನ್ನ ಇಲ್ಲಿಗೆ ತರಬೇಡಿ. ಆರು ಬಾಗಿದ ಕತ್ತಿ ನಡುವೆ ಒಂದು ನೇರ ಕತ್ತಿ, ಸುತ್ತ ಮುತ್ತಿಗೆ ಇದ್ದರೂ ಒಂದು ತೀರ್ಮಾನ ಆಗಿದೆ. ನಾಣ್ಯ ಎಂಟರಲ್ಲಿ ಎಲ್ಲವೂ ಸಾಲಾಗಿ ಕೂತಿದೆ, ಸಂಬಳ ಬರ್ತಿದೆ. ಹದಿಮೂರು ಆ ಸಾಲನ್ನ ಕೊಯ್ಯುತ್ತೆ. ರಾಜೀನಾಮೆ ಕೊಡೋದು ಬಿಡೋದು ಅವಳಿಗೆ ಬಿಟ್ಟಿದ್ದು, ಆ ಮಾತು ನಿಮ್ಮ ಬಾಯಿಂದ ಬರಬಾರದು. ಮತ್ತೆ, ಡೆಕ್‌ನ ಬಿಳಿ ಅಂಚನ್ನ ಕತ್ತರಿಸಿ ತೆಗೀರಿ. ಕಾರ್ಡ್‌ಗಳು ಒಂದಕ್ಕೊಂದು ಸೇರುತ್ತವೆ, ಕಣ್ಣು ಹರಿಯುತ್ತೆ.

ಹಳೇಮುದ್ರೆ: ಅಂಚು ಕತ್ತರಿಸುವುದಾ! ಸಂಖ್ಯೆ, ಹೆಸರಿನ ಪಟ್ಟಿ ಎಲ್ಲ ಅಂಚಿಗೆ ತಾಗಿ ಉಂಟು. ಆಮೇಲೆ ಅದನ್ನು ಯಾರಾದರೂ ಕೊಳ್ಳುತ್ತಾರಾ?

ರಾತ್ರಿಪಾಳಿ: ಮಾರೋಕೆ ಇಟ್ಕೊಂಡಿಲ್ಲ ನಾನು.

ದೊಣ್ಣೆರಾಣಿ: ಮಾರೂದು ಬಿಡ್ರಿ. ಕೈಲೆ ಕತ್ತರಿಸಿದ್ರ ಕೂದಲೆಳಿ ಹೆಚ್ಚುಕಮ್ಮಿ ಆಗತೈತಿ, ಆ ಕಾರ್ಡ್ ಕಲಸೂವಾಗ ಪ್ರತಿ ಸಲ ಬೆರಳಿಗೆ ತಾಕತೈತಿ. ನಮ್ಮ ಪೈಕಿ ಒಬ್ಬರ ಡೆಕ್‌ನಾಗ ಸೈತಾನ ಹಂಗ ಆಗಿತ್ತು. ಬಂದವರಿಗೆಲ್ಲ ಸೈತಾನ.

ರಾತ್ರಿಪಾಳಿ: ಉಕ್ಕಿನ ಸ್ಕೇಲ್ ಇಟ್ಟು, ಹೊಸ ಬ್ಲೇಡಲ್ಲಿ, ಒಂದೊಂದೇ ಕಾರ್ಡ್ ಕತ್ತರಿಸಬೇಕು ತಾಯಿ. ಕತ್ತರಿ ಹಿಡಿದವರ ಕಥೆ ನನಗೆ ಹೇಳಬೇಡಿ.